ಶನಿವಾರದ ಚೀಲ

ಶನಿವಾರ ಅಕ್ಕಿಯ ಚೀಲ ಬರಲಿಲ್ಲ.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಹೆಣ್ಣುಮಕ್ಕಳ ಶಾಲೆ ನಡೆಸುತ್ತಿದ್ದ ಸಿನ್ಸಿಲ್ ಅದರ ಗೇಟಿನ ಬಳಿ ನಿಂತು, ಚರ್ಚಿನ ದಿಬ್ಬದಿಂದ ಇಳಿದು ಬರುವ ದಾರಿಯನ್ನೇ ನೋಡುತ್ತಿದ್ದಳು. ಎತ್ತಿನ ಗಾಡಿ ಹೊಡೆಯುವವನೊಬ್ಬ ಬಂದ, ಸೌದೆ ಹೊತ್ತ ಇಬ್ಬರು ಬಂದರು, ಯಾರದೋ ನಾಯಿ ಬಂತು. ತಲೆಯ ಮೇಲೆ ಚೀಲ ಹೊತ್ತು, ಅದಕ್ಕೆ ಒಂದು ಕೈಯನ್ನೂ ಕೊಡದೆ, ಯಾರನ್ನೋ ಬೈದುಕೊಳ್ಳುತ್ತ ಬರುವ ಸೊನು ಅಜ್ಜಿ ಮಾತ್ರ ಬರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಇದೇ ಮೊದಲು. ಮಳೆ ಹಿಡಿದಾಗ ಬಂದಿದ್ದಳು, ಮೊಣಕಾಲುದ್ದ ಹಿಮ ಬಿದ್ದಾಗ ಬಂದಿದ್ದಳು, ಇದ್ದೊಬ್ಬ ಮಗ ತೀರಿಕೊಂಡ ವಾರವೂ ಬಂದಿದ್ದಳು.

ಪಾಮ್ಗೊಲ್ ಊರಿನಲ್ಲಿ ಚರ್ಚಿಗೆ ಹೋಗುವ ಮನೆಗಳಲ್ಲೆಲ್ಲ ಒಲೆಯ ಪಕ್ಕದ ಮೊಳೆಗೆ ಒಂದು ಪುಟ್ಟ ಬಟ್ಟೆಚೀಲ ನೇತಾಡುತ್ತಿರುತ್ತದೆ. ಹೆಂಗಸರು ಅನ್ನಕ್ಕೆ ಇಡುವ ಮೊದಲು, ಅಳೆದ ಅಕ್ಕಿಯಿಂದ ಉಣ್ಣುವವರ ತಲೆಗೊಂದು ಚಮಚದಂತೆ ತೆಗೆದು ಆ ಚೀಲಕ್ಕೆ ಹಾಕುತ್ತಾರೆ. ಅದು ದೇವರ ಪಾಲು. ಅಕ್ಕಿ ಇಲ್ಲದ ಮನೆಯಲ್ಲಿ ನವಣೆ. ದಿನಕ್ಕೆ ಎರಡು ಹೊತ್ತು ಉಣ್ಣುವವರು ಎರಡು ಚಮಚ, ಮೂರು ಹೊತ್ತಿನವರು ಮೂರು. ತೆಗೆದಿಟ್ಟು ಉಣ್ಣಬೇಕೇ ಹೊರತು ಉಂಡು ಉಳಿದದ್ದನ್ನು ಇಡಬಾರದು ಎಂಬುದು ಸೊನು ಅಜ್ಜಿಯ ಕಟ್ಟಪ್ಪಣೆ. ಶನಿವಾರ ಬೆಳಿಗ್ಗೆ ಅವಳು ಮನೆಮನೆಗೆ ಹೋಗಿ ಆ ಪುಟ್ಟ ಚೀಲಗಳನ್ನೆಲ್ಲ ತನ್ನ ದೊಡ್ಡ ಚೀಲಕ್ಕೆ ಸುರಿದುಕೊಂಡು, ಅರ್ಧವನ್ನು ಚರ್ಚಿನಲ್ಲಿಳಿಸಿ ಇನ್ನರ್ಧವನ್ನು ಹೆಣ್ಣುಮಕ್ಕಳ ಶಾಲೆಗೆ ತರುತ್ತಿದ್ದಳು. ಶಾಲೆಯ ಅರವತ್ತು ಹುಡುಗಿಯರಲ್ಲಿ ಇಪ್ಪತ್ತೆರಡು ಮಂದಿ ದೂರದ ಹಳ್ಳಿಯವರು, ಶಾಲೆಯಲ್ಲೇ ಮಲಗುವವರು. ಅವರ ಹೊಟ್ಟೆಗೆ ಬೀಳುತ್ತಿದ್ದುದು ಆ ಅಕ್ಕಿ.

"ಆಯಮ್ಮ ಬರಲ್ಲ ಬಿಡಿ, ಒಳಗೆ ಬನ್ನಿ," ಎಂದಳು ಅಡುಗೆಯಾಕೆ. "ನಿನ್ನೆ ಬಾವಿ ಹತ್ರ ಎಲ್ಲರೂ ಅದನ್ನೇ ಮಾತಾಡ್ತಿದ್ರು. ಕೇಳಿಸ್ಕೊಂಡೂ ಕೇಳಿಸ್ಕೊಳ್ದೋಳ ಥರ ಬಂದೆ."

ಏನು ಮಾತಾಡುತ್ತಿದ್ದರೆಂದು ಸಿನ್ಸಿಲ್ ಕೇಳಲಿಲ್ಲ. ಕೇಳುವುದೇನಿದೆ? ಬುಧವಾರ ಅವಳು ಅರವತ್ತು ಹುಡುಗಿಯರನ್ನು ಸಾಲು ಹಿಡಿಸಿ ದಕ್ಷಿಣದ ಗುಡ್ಡ ಹತ್ತಿಸಿದ್ದಳು. ಜಪಾನಿನವರು ತಮ್ಮ ದೇವರಿಗೆ ಕಟ್ಟಿಸಿದ ಗುಡಿಯ ಮುಂದೆ, ಬಿಳಿ ಜಲ್ಲಿಕಲ್ಲಿನ ಮೇಲೆ ನಿಂತು, ಎಲ್ಲರಿಗಿಂತ ಮೊದಲು ತಾನೇ ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದ್ದಳು. ಊರ ಬಾಯಿಗೆ ಬೀಗ ಹಾಕಲಾದೀತೆ?

ಅದು ನಾಡನ್ನು ಆಳುತ್ತಿದ್ದ ಜಪಾನಿನವರು ಚೀನಾದ ಮೇಲೆ ಯುದ್ಧಕ್ಕೆ ಹೋದ ವರ್ಷ. ಶಾಲೆಗಳೆಲ್ಲ ತಿಂಗಳಿಗೊಮ್ಮೆ ಗುಡಿಗೆ ಹೋಗಬೇಕು, ಹೋಗದ ಶಾಲೆಗೆ ಬೀಗ ಎಂದು ಹುಕುಂ ಬಂದಿತ್ತು. ಸಿನ್ಸಿಲ್ ಮೂರು ಸಲ ಜಿಲ್ಲಾ ಕಚೇರಿಗೆ ಅಲೆದಳು. ಅಲ್ಲಿನ ವಿದ್ಯಾಧಿಕಾರಿ ಒಳ್ಳೆಯ ಮಾತಿನವನು. ಕೂರಿಸಿ ಚಹಾ ಕೊಟ್ಟ, ಮಕ್ಕಳೆಷ್ಟು ಎಂದು ಕೇಳಿದ, ಮೂರನೆಯ ಸಲ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಾರೀಖಿಗೆ ಸುತ್ತು ಹಾಕಿ ತೋರಿಸಿದ. ಅಮೆರಿಕದ ಪಾದ್ರಿಯನ್ನು ಕೇಳಿದರೆ, ಮುಚ್ಚಿಬಿಡು ತಾಯಿ, ಕೈ ಶುದ್ಧವಾಗಿಟ್ಟುಕೊಂಡು ಮುಚ್ಚಿಬಿಡು ಎಂದರು. ತಮ್ಮ ಶಾಲೆಗಳನ್ನೂ ಹಾಗೆಯೇ ಮುಚ್ಚುತ್ತಿದ್ದೇವೆ ಎಂದು ಹೇಳಿ ಅತ್ತರು ಕೂಡ. ಸಿನ್ಸಿಲ್ ಅವರ ಕಣ್ಣೀರನ್ನು ಅನುಮಾನಿಸಲಿಲ್ಲ. ಆದರೆ ಅವರಿಗೆ ಮರಳಿ ಹೋಗಲು ಒಂದು ದೇಶವಿತ್ತು. ಪುನ್ನೆಗೆ ಏನಿತ್ತು? ಹದಿಮೂರು ತುಂಬಿದ ಪುನ್ನೆ ಶಾಲೆಯಲ್ಲಿದ್ದಾಳೆಂಬ ಒಂದೇ ಕಾರಣಕ್ಕೆ ಅವಳ ಅಪ್ಪ ಅವಳನ್ನು ಕೇಳಿ ಬಂದಿದ್ದ ನಲವತ್ತರ ವಿಧುರನಿಗೆ ಇನ್ನೂ ಮಾತು ಕೊಟ್ಟಿರಲಿಲ್ಲ. ಅಂಥ ಹುಡುಗಿಯರು ಒಬ್ಬರೇ ಇಬ್ಬರೇ? ಅತ್ತ ದರಿ, ಇತ್ತ ಪುಲಿ. ಸಿನ್ಸಿಲ್ ಹುಲಿಯ ಕಡೆಗೆ ಹೆಜ್ಜೆ ಇಟ್ಟಳು.

ಹಿಂದಿನ ದಿನ ಹುಡುಗಿಯರನ್ನೆಲ್ಲ ಕೂರಿಸಿಕೊಂಡು ಹೇಳಿದ್ದಳು. ತಲೆ ಬಗ್ಗಿಸಿ ಎಂದಾಗ ಬಗ್ಗಿಸಿ, ನಿಮ್ಮ ನಿಮ್ಮ ರಬ್ಬರು ಚಪ್ಪಲಿ ನೋಡಿಕೊಳ್ಳಿ, ಮನಸ್ಸಿನಲ್ಲಿ ಏನೂ ಹೇಳಿಕೊಳ್ಳಬೇಡಿ. ಇದಕ್ಕೆ ದೇವರು ಕೇಳಿದರೆ ಉತ್ತರ ನಾನು ಕೊಡುತ್ತೇನೆ, ಇದು ನನ್ನ ತಲೆಯ ಮೇಲೆ. ಹುಡುಗಿಯರು ಹಾಗೆಯೇ ಮಾಡಿದರು. ಇಳಿಯುವಾಗ ಎಲ್ಲಕ್ಕಿಂತ ಚಿಕ್ಕವಳು, ಮೇಡಂ, ನನ್ನ ಚಪ್ಪಲಿ ಹರಿದಿದೆ, ಈಗಲೇ ನೋಡಿದೆ ಎಂದಳು. ಸಿನ್ಸಿಲ್‌ಗೆ ನಗು ಬಂತು, ಹಿಂದೆಯೇ ಅಳು ಬಂತು.

ಆ ಶನಿವಾರ ಮಧ್ಯಾಹ್ನ ಅವಳೇ ಅಜ್ಜಿಯ ಮನೆಗೆ ಹೋದಳು. ಚರ್ಚಿನ ಹಿಂದೆ, ಮುಳ್ಳುಕಾಯಿ ಬಿಡುವ ಚೆಸ್ಟ್‌ನಟ್ ಮರಗಳ ಕೆಳಗಿನ ಒಂಟಿ ಕೋಣೆಯ ಮನೆ. ಈ ಮನೆಯ ಒಲೆಯ ಮುಂದೆಯೇ ಸಿನ್ಸಿಲ್ ಅಕ್ಷರ ಕಲಿತದ್ದು. ಆಗ ಅವಳಿಗೆ ಸಿನ್ಸಿಲ್ ಎಂಬ ಹೆಸರೂ ಇರಲಿಲ್ಲ. ತವರಿನಲ್ಲಿ 'ಕಿರಿಯದು', ಗಂಡನ ಮನೆಯಲ್ಲಿ 'ಸೊಸೆ', ಹದಿನೆಂಟಕ್ಕೆ ಗಂಡ ಸತ್ತ ಮೇಲೆ 'ಅದು'. ಊರೂರು ಸುತ್ತಿ ಸತ್ಯವೇದ ಹೇಳುತ್ತಿದ್ದ ಸೊನು ಅಜ್ಜಿ, ಆಗಿನ್ನೂ ಗಟ್ಟಿಮುಟ್ಟಾದ ಹೆಂಗಸು, ಆ 'ಅದು'ವನ್ನು ಕೈಹಿಡಿದು ಕರೆತಂದು ಒಲೆಯ ಬೂದಿ ಹರವಿ, ಬೆರಳು ಹಿಡಿದು ಬರೆಸಿದಳು. ಓದಲು ಬಾರದವರಿಗೆ ದೀಕ್ಷಾಸ್ನಾನ ಕೊಡಬಾರದೆಂಬುದು ಆಗ ಚರ್ಚಿನ ಕಟ್ಟಳೆ. ಎರಡು ತಿಂಗಳಲ್ಲಿ ಕಲಿತಳು. ತಲೆಯ ಮೇಲೆ ನೀರು ಬಿದ್ದ ದಿನ ಹೆಸರೂ ಬಂತು. ಸಿನ್ಸಿಲ್, ಎಂದರೆ ನಂಬಿಗಸ್ತೆ. ಅಜ್ಜಿಯೇ ಹುಡುಕಿದ ಹೆಸರು. ಹೀಗಾಗಿ ಸಿನ್ಸಿಲ್‌ಗೆ ದೇವರೂ ಅಕ್ಷರವೂ ಒಂದೇ ಬಾಗಿಲಿನಿಂದ ಬಂದವು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡು ಎಂದು ಕೇಳುವ ಕಾಲ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

ಅಜ್ಜಿ ಅಂಗಳದಲ್ಲಿ ಮೂಲಂಗಿ ಸೊಪ್ಪನ್ನು ಒಣಗಲು ಕಟ್ಟುತ್ತಿದ್ದಳು. ಎಪ್ಪತ್ತೊಂದರ ಬೆನ್ನು ಬಾಗಿತ್ತು, ಕೈ ಮಾತ್ರ ಚುರುಕಾಗಿತ್ತು. ತಲೆ ಎತ್ತಲಿಲ್ಲ.

"ಬನ್ನಿ ಮೇಡಮ್ಮೋರೆ," ಎಂದಳು.

ಮೂವತ್ತು ವರ್ಷದಿಂದ 'ಏನೇ', 'ಲೇ', 'ಹುಚ್ಚುಮುಂಡೇದೆ' ಬಿಟ್ಟರೆ ಬೇರೇನೂ ಬಾರದ ಬಾಯಿ ಅದು. ಸಿನ್ಸಿಲ್ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಸೊಪ್ಪಿನ ಕಟ್ಟಿಗೆ ಕೈ ಹಾಕಿ, ಇರುವುದನ್ನೆಲ್ಲ ಹೇಳಿದಳು: ಕಚೇರಿಯ ಕ್ಯಾಲೆಂಡರು, ಪುನ್ನೆಯ ಅಪ್ಪ, ಜಿಲ್ಲೆಯಲ್ಲಿ ಇನ್ನೂ ನಮ್ಮ ಅಕ್ಷರ ಕಲಿಸುತ್ತಿರುವ ಶಾಲೆಗಳು ಎಷ್ಟು ಉಳಿದಿವೆ ಎಂಬುದು. ಮಕ್ಕಳ ಮೇಲೆ ಪಾಪ ಬರದಂತೆ ತಾನು ಹೊತ್ತುಕೊಂಡಿದ್ದೇನೆಂದೂ ಹೇಳಿದಳು.

ಅಜ್ಜಿ ಆಗ ಕೈ ನಿಲ್ಲಿಸಿದಳು.

"ಬೇರೆಯವರ ಪಾಪ ಹೊರೋಕೆ ಒಬ್ಬನೇ ಇದ್ದ," ಎಂದಳು. "ಅವನು ಹೊತ್ತಾಯ್ತು. ಆ ಕೆಲಸ ಈಗ ಖಾಲಿ ಇಲ್ಲ."

"ಮತ್ತೆ ನಾನೇನು ಮಾಡ್ಬೇಕಿತ್ತು ಅಜ್ಜಿ? ನೀನೇ ಹೇಳು."

"ನಂಗೇನು ಗೊತ್ತು. ನಾನು ಶಾಲೆ ಕಲಿತೋಳಲ್ಲ." ಅಜ್ಜಿ ಸೊಪ್ಪಿನ ಕಟ್ಟನ್ನು ಅವಳ ಕೈಯಿಂದ ಮೆತ್ತಗೆ ಬಿಡಿಸಿಕೊಂಡಳು. "ಆ ಅಕ್ಕಿ ದೇವರದು. ದೇವರಿಗೆ ಬೆನ್ನು ಮಾಡಿದ ಕಡೆಗೆ ಅದನ್ನ ಹೊತ್ಕೊಂಡು ಹೋಗೋಕೆ ನನ್ ತಲೆ ಬಗ್ಗಲ್ಲ. ನಿಮಗೆ ಬಗ್ಗುತ್ತೆ. ಹೋಗ್ಬನ್ನಿ."

ಸಿನ್ಸಿಲ್ ಎದ್ದು ಬಂದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಜ್ಜಿ ಹೇಳಿದ್ದು ಸರಿ ಎಂದು ಅವಳಿಗೆ ಗೊತ್ತಿತ್ತು, ತಾನು ಮಾಡಿದ್ದೂ ಸರಿ ಎಂದು ಗೊತ್ತಿತ್ತು. ಅದು ಬಿಸಿ ತುಪ್ಪ, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ.

ಮುಂದಿನ ತಿಂಗಳು ಚರ್ಚಿನ ಸಭೆಯ ಹಿರಿಯರು ಸೇರಿ ತೀರ್ಮಾನ ಮಾಡಿದರು. ಹಿರಿಯ ಗಿಲ್, ಔಷಧಿ ಅಂಗಡಿಯವರು, ಗಡ್ಡವನ್ನು ಎರಡು ಸಲ ನೀವಿ ಎಲ್ಲರೆದುರು ಓದಿದರು: ತಾಕ್ ಮನೆತನದ ಸಿನ್ಸಿಲ್ ಭಾನುವಾರದ ಪಾಠ ಹೇಳುವಂತಿಲ್ಲ, ಪಶ್ಚಾತ್ತಾಪ ಪಡುವವರೆಗೆ ಕರ್ತನ ಭೋಜನದ ರೊಟ್ಟಿಗೆ ಕೈ ಚಾಚುವಂತಿಲ್ಲ. ಅವಳು ಹೆಂಗಸರ ಕಡೆಯ ಕೊನೆಯ ಸಾಲಿಗೆ, ಬಾಗಿಲ ಗಾಳಿ ಬೀಸುವ ಜಾಗಕ್ಕೆ ಹೋಗಿ ಕೂತಳು. ಚರ್ಚಿಗೆ ಬರುವುದನ್ನು ಬಿಡಲಿಲ್ಲ. ರೊಟ್ಟಿಯ ತಟ್ಟೆ ಚಾಪೆಯಿಂದ ಚಾಪೆಗೆ ಬರುವುದು. ಪಕ್ಕದವಳು ಅದನ್ನು ಸಿನ್ಸಿಲ್‌ಳ ಮೊಣಕಾಲಿನ ಮುಂದಿನಿಂದ ಎತ್ತಿ ಆಚೆಗೆ ದಾಟಿಸುವಳು. ಆ ಪಕ್ಕದವಳು ಅವಳ ಹಳೆಯ ವಿದ್ಯಾರ್ಥಿನಿ, ಮೊದಲ ತಂಡದ ಏಳು ಹುಡುಗಿಯರಲ್ಲಿ ಒಬ್ಬಳು. ತಟ್ಟೆ ದಾಟಿಸುವಾಗ ಅವಳ ಕಣ್ಣು ಮೇಲೇಳುತ್ತಿರಲಿಲ್ಲ.

ಶಾಲೆ ನಡೆಯಿತು. ಚರ್ಚಿಗೆ ಹೋಗದ ಮನೆಗಳ ಅಪ್ಪಂದಿರು ನವಣೆಯನ್ನೂ ಒಂದಿಷ್ಟು ಅಕ್ಕಿಯನ್ನೂ ತಂದು ಹಾಕಿದರು. ಪುನ್ನೆಯ ಅಪ್ಪ, ಎಂದೂ ಒಂದು ಒಳ್ಳೆಯ ಮಾತಾಡದವನು, ಹಿತ್ತಿಲಿಂದ ಹತ್ತು ಎಲೆಕೋಸಿನ ಗಡ್ಡೆ ಹೊತ್ತು ತಂದು, ಉಪ್ಪು ಖಾರ ಹಚ್ಚಿ ಕಿಮ್ಚಿ ಹಾಕಿಕೊಳ್ಳಿ ಎಂದು ಗೇಟಿನಲ್ಲೇ ಇಟ್ಟು ಹೋದ. ಗಂಜಿ ತೆಳ್ಳಗಾಯಿತು, ಸೊಪ್ಪಿನ ಸಾರು ಹೆಚ್ಚಾಯಿತು. ಸಿನ್ಸಿಲ್ ಎಲ್ಲರ ಜೊತೆ ಅದನ್ನೇ ಉಂಡಳು.

ಒಂದನ್ನು ಮಾತ್ರ ಬಿಡಲಿಲ್ಲ. ಅಡುಗೆಮನೆಯ ಮೊಳೆಗೆ ಅವಳದೂ ಒಂದು ಪುಟ್ಟ ಚೀಲವಿತ್ತು. ತನ್ನ ಪಾಲಿನ ಅಕ್ಕಿಯಿಂದ ಹೊತ್ತಿಗೊಂದು ಚಮಚ ಅದಕ್ಕೆ ಬೀಳುತ್ತಲೇ ಇತ್ತು. ಒಯ್ಯುವವರಿಲ್ಲ. ಚೀಲ ತುಂಬಿದಾಗ ಒಂದು ಮಣ್ಣಿನ ಜಾಡಿಗೆ ಸುರಿದು, ಹುಳು ಹಿಡಿಯದಂತೆ ನಾಲ್ಕು ಒಣ ಮೆಣಸಿನಕಾಯಿ ಹಾಕಿ ಮುಚ್ಚಿದಳು. ಅಡುಗೆಯಾಕೆಗೆ ಇದು ಹಿಡಿಸಲಿಲ್ಲ. ಮಾಘದ ಚಳಿಯಲ್ಲಿ ಒಂದು ದಿನ ಅವಳು ಸೌಟು ಹಿಡಿದೇ ಕೇಳಿಬಿಟ್ಟಳು.

"ಅವ್ರು ನಿಮ್ಮ ಬಾಯಿಂದ ರೊಟ್ಟಿ ಕಿತ್ಕೊಂಡ್ರು. ನೀವು ಜಾಡಿ ತುಂಬಿಸ್ತಿದೀರಿ. ಯಾರಿಗೆ?"

"ತೆಗೆದಿಟ್ಟಾಯ್ತು," ಎಂದಳು ಸಿನ್ಸಿಲ್. "ತೆಗೆದಿಟ್ಟಿದ್ದನ್ನ ಪಾತ್ರೆಗೆ ವಾಪಸ್ ಹಾಕೋಕಾಗಲ್ಲ."

"ಹುಚ್ಚು," ಎಂದಳು ಅಡುಗೆಯಾಕೆ. ಹಾಗೆಂದು ಮರುದಿನ ಜಾಡಿಯ ಬಾಯಿಗೆ ಹೊಸ ಬಟ್ಟೆ ಕಟ್ಟಿದವಳೂ ಅವಳೇ.

ಆ ಚಳಿಗಾಲದ ಒಂಟಿತನವನ್ನು ಹೇಗೆ ಹೇಳುವುದು? ಹಗಲು ಕಳೆಯುತ್ತಿತ್ತು, ಅರವತ್ತು ಹುಡುಗಿಯರ ನಡುವೆ ಯಾರು ಒಂಟಿಯಾಗಿರಲು ಸಾಧ್ಯ? ಸಂಜೆ ಪಾಠ ಮುಗಿದು, ದೂರದ ಹುಡುಗಿಯರು ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ ಸಾಲಾಗಿ ಕೂತು ಓದಿಕೊಳ್ಳುವ ಹೊತ್ತಿಗೆ, ಅವಳಿಗೆ ಯಾರಾದರೂ ಒಮ್ಮೆ ತನ್ನನ್ನು ಬೈಯಬಾರದೇ ಅನ್ನಿಸುತ್ತಿತ್ತು. ಊರಿನಲ್ಲಿ ಎಲ್ಲರೂ ಮರ್ಯಾದೆಯಿಂದ ನಡೆಸಿಕೊಳ್ಳುತ್ತಿದ್ದರು. ತಲೆಬಾಗಿ ನಮಸ್ಕರಿಸಿ ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ದಾರಿಯಲ್ಲಿ ಸೊನು ಅಜ್ಜಿ ಎದುರಾದರೆ ಅವಳೂ ಸರಿದು ನಿಲ್ಲುತ್ತಿದ್ದಳು. ಪ್ರತಿ ತಿಂಗಳು ಸುತ್ತು ಹಾಕಿದ ತಾರೀಖಿನಂದು ಸಿನ್ಸಿಲ್ ಹುಡುಗಿಯರನ್ನು ಗುಡ್ಡ ಹತ್ತಿಸುತ್ತಿದ್ದಳು, ಮೊದಲು ತಾನೇ ಬಗ್ಗುತ್ತಿದ್ದಳು. ರೂಢಿಯಾದೀತು ಎಂದುಕೊಂಡಿದ್ದಳು. ಆಗಲಿಲ್ಲ.

ವರ್ಷ ತಿರುಗಿ ಮತ್ತೆ ಚೆಸ್ಟ್‌ನಟ್ ಬಿರಿಯುವ ಕಾಲ ಬಂತು. ಶಾಲೆಗಳಾದ ಮೇಲೆ ಈಗ ಚರ್ಚುಗಳ ಸರದಿ. ಚರ್ಚುಗಳ ಮೇಲಿನ ಮಹಾಸಭೆ, ಸಾಲುಸಾಲು ಪೊಲೀಸರ ನಡುವೆ ಕೂತು, ಗುಡಿಗೆ ನಮಸ್ಕಾರ ಮಾಡುವುದು ಪೂಜೆಯಲ್ಲ, ಬರೀ ರಾಜಮರ್ಯಾದೆ ಎಂದು ನಿರ್ಣಯ ಮಾಡಿತೆಂಬ ಸುದ್ದಿ ಬಂತು. ಎರಡು ವಾರ ಕಳೆಯುವುದರೊಳಗೆ ಪಾಮ್ಗೊಲ್ ಚರ್ಚಿನ ಗಂಡಸರೂ ಹೆಂಗಸರೂ ಬಿಳಿ ಬಟ್ಟೆ ಉಟ್ಟು ದಕ್ಷಿಣದ ಗುಡ್ಡ ಹತ್ತಿದರು. ಮುಂದೆ ಹಿರಿಯ ಗಿಲ್. ಸಿನ್ಸಿಲ್ ಶಾಲೆಯ ಕಿಟಕಿಯಿಂದ ನೋಡಿದಳು. ಸಾಲಿನಲ್ಲಿ ಬಾಗಿದ ಬೆನ್ನಿನ ಮುದುಕಿಯೊಬ್ಬಳು ಇದ್ದಾಳೆಯೇ ಎಂದು ಮೊದಲಿಂದ ಕೊನೆಯವರೆಗೆ ಹುಡುಕಿದಳು. ಇರಲಿಲ್ಲ. ಅವಳಿಗೆ ಸಮಾಧಾನವಾಯಿತು, ಭಯವೂ ಆಯಿತು.

ಆ ವಾರವೇ ಹಿರಿಯ ಗಿಲ್ ಶಾಲೆಗೆ ಬಂದರು. ಒಂದು ವರ್ಷದಲ್ಲಿ ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು, ಮೊದಲು ಚಳಿಯ ಮಾತಾಡಿದರು, ಆಮೇಲೆ ತಮ್ಮ ಅಂಗಡಿಯ ಕೆಮ್ಮಿನ ಕಷಾಯದ ಮಾತಾಡಿದರು. ಕೊನೆಗೆ ವಿಷಯಕ್ಕೆ ಬಂದರು. ತೀರ್ಮಾನ ಹಿಂದಕ್ಕೆ ತೆಗೆದುಕೊಂಡಿದ್ದೇವೆ, ಈ ಭಾನುವಾರದಿಂದ ಮುಂದಿನ ಸಾಲಿಗೆ ಬನ್ನಿ, ಮಕ್ಕಳ ಪಾಠವೂ ನಿಮ್ಮದೇ. ಅಕ್ಕಿಯೂ ಬರುತ್ತದೆ, ಅದನ್ನು ನಮ್ಮ ಸೊಸೆಗೆ ವಹಿಸಿದ್ದೇವೆ.

"ಸೊನು ಅಜ್ಜಿ?"

ಗಿಲ್ ಟೋಪಿಯ ಅಂಚನ್ನು ತಿರುಗಿಸಿದರು. ಆಯಮ್ಮ ಬರಲ್ಲ ಅಂತಾಳೆ, ಬಗ್ಗಿದವರ ಚರ್ಚಿಗೇ ಬರಲ್ಲವಂತೆ. ಠಾಣೆಯವರು ಎರಡು ದಿನ ಕೂರಿಸಿಕೊಂಡು ಬಿಟ್ಟರು. ಅವಳ ಬಾಗಿಲಿಗೆ ಹೋಗುವವರ ಹೆಸರು ಬರೆದುಕೊಳ್ಳುತ್ತೇವೆ ಎಂದಿದ್ದಾರೆ. ಚರ್ಚಿನ ಅಕ್ಕಿಯಲ್ಲಿ ಅವಳ ಪಾಲು ಕಳಿಸಿದರೆ ಮೊರದ ಸಮೇತ ವಾಪಸ್ ಬಂತು. ಇಷ್ಟನ್ನೂ ಅವರು ಒಂದೇ ಉಸಿರಿನಲ್ಲಿ ಹೇಳಿದರು.

"ಆವತ್ತು ನಮಗೆ ಅರ್ಥ ಆಗಿರ್ಲಿಲ್ಲ ತಾಯಿ," ಎಂದರು ಆಮೇಲೆ. "ನೀವು ಮೊದಲೇ ಅರ್ಥ ಮಾಡ್ಕೊಂಡಿದ್ರಿ. ಅದು ಪಾಪ ಅಲ್ಲ ಅಂತ ಈಗ ದೊಡ್ಡೋರೇ ಹೇಳಿದಾರೆ."

ಈ ಮನುಷ್ಯನ ಮೇಲೆ ಸಿನ್ಸಿಲ್‌ಗೆ ಕೋಪವಿರಲಿಲ್ಲ. ಅವರ ದೊಡ್ಡ ಮಗನನ್ನು ಠಾಣೆಯವರು ಒಂಬತ್ತು ದಿನ ಇಟ್ಟುಕೊಂಡದ್ದು ಅವಳಿಗೆ ಗೊತ್ತಿತ್ತು.

"ಹಿರಿಯರೇ, ನಾನು ಪಾಪ ಅಂತ ಗೊತ್ತಿದ್ದೇ ಮಾಡ್ದೆ," ಎಂದಳು. "ಈಗ್ಲೂ ಹಂಗೇ ಮಾಡ್ತಿದೀನಿ. ನೀವು ಪಾಪ ಅಲ್ಲ ಅಂತ ಮಾಡ್ತಿದೀರಿ. ಇಬ್ಬರೂ ಒಂದೇ ಚಾಪೆ ಮೇಲೆ ಹೆಂಗೆ ಕೂರೋದು?"

ಗಿಲ್ ಟೋಪಿ ಹಾಕಿಕೊಂಡು ಎದ್ದರು. ಹೋಗುವಾಗ ಹೊಸ್ತಿಲ ಕಲ್ಲಿನ ಮೇಲೆ ಕೂತು ಚಪ್ಪಲಿ ಮೆಟ್ಟಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.

ಭಾನುವಾರ ಸಿನ್ಸಿಲ್ ಎಂದಿನಂತೆ ಬಾಗಿಲ ಗಾಳಿಯ ಸಾಲಿನಲ್ಲೇ ಕೂತಳು. ರೊಟ್ಟಿಯ ತಟ್ಟೆ ಬಂತು. ಪಕ್ಕದವಳು ಈ ಸಲ ಕಣ್ಣೆತ್ತಿ, ನಗುತ್ತ, ತಟ್ಟೆಯನ್ನು ಅವಳ ಕೈಗೇ ಕೊಟ್ಟಳು. ಸಿನ್ಸಿಲ್ ಅದನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕ್ಷಣ ನೋಡಿ, ಆಚೆಯವಳಿಗೆ ದಾಟಿಸಿದಳು. ಮೊದಲು ಅವರು ಕೊಡುತ್ತಿರಲಿಲ್ಲ, ಈಗ ಅವಳಿಗೆ ತೆಗೆದುಕೊಳ್ಳಲಾಗಲಿಲ್ಲ. ಹೆಚ್ಚು ಕಷ್ಟ ಯಾವುದೆಂದು ಕೇಳಿದ್ದರೆ ಅವಳು ಎರಡನೆಯದೇ ಎನ್ನುತ್ತಿದ್ದಳು.

ಶನಿವಾರ ಚೀಲ ಬಂತು. ಗಿಲ್ ಅವರ ಸೊಸೆ, ತಲೆಯ ಮೇಲಿನ ಚೀಲವನ್ನು ಎರಡು ಕೈಯಲ್ಲೂ ಹಿಡಿದುಕೊಂಡು, ಮೆಲ್ಲಮೆಲ್ಲನೆ ಬಂದಳು. ಹುಡುಗಿಯರು ಆ ದಿನ ಹೊಟ್ಟೆತುಂಬ ಅನ್ನ ಉಂಡರು. ಅಡುಗೆಯಾಕೆ ಪಾತ್ರೆಯ ತಳದ ಸೀಕಲನ್ನು ಬಿಸಿನೀರಿನಲ್ಲಿ ಕಲಸಿ ಎಲ್ಲರಿಗೂ ಒಂದೊಂದು ಬಟ್ಟಲು ಕೊಟ್ಟಳು. ಸಿನ್ಸಿಲ್ ತನ್ನ ಬಟ್ಟಲು ಮುಗಿಸಿ ಅಡುಗೆಮನೆಗೆ ಹೋಗಿ ಜಾಡಿಯ ಬಾಯಿ ಬಿಚ್ಚಿದಳು. ಅಕ್ಕಿ ಕೊರಳಿನವರೆಗೆ ಬಂದಿತ್ತು. ಮೆಣಸಿನಕಾಯಿ ಆರಿಸಿ ತೆಗೆದು, ಒಂದು ಬಿಳಿ ಚೀಲಕ್ಕೆ ಎರಡು ವಾರಕ್ಕಾಗುವಷ್ಟು ತುಂಬಿದಳು.

"ಹೆಸರು ಬರ್ಕೋತಾರಂತೆ," ಎಂದಳು ಅಡುಗೆಯಾಕೆ.

"ಬರ್ಕೊಳ್ಳಲಿ. ನಂಗೊಂದು ಹೆಸರು ಅಂತ ಇರೋದೇ ಆಯಮ್ಮನಿಂದ."

ಚರ್ಚಿನ ಹಿಂದಿನ ಮನೆಯ ಕಾಗದದ ಬಾಗಿಲು ಮುಚ್ಚಿತ್ತು. ಹೊಗೆಗೂಡಿನಲ್ಲಿ ಹೊಗೆ ಇರಲಿಲ್ಲ. ಹೊಸ್ತಿಲ ಕಲ್ಲಿನ ಮೇಲೆ ಒಂದು ಜೊತೆ ರಬ್ಬರು ಚಪ್ಪಲಿ, ಮೂತಿ ಹೊರಕ್ಕೆ ಮಾಡಿ ಇಟ್ಟದ್ದು. ಅಜ್ಜೀ ಎಂದು ಕರೆದಳು. ಒಳಗೆ ಕೆಮ್ಮು ಕೇಳಿಸಿತು.

"ಯಾರ ಮನೆ ಅಕ್ಕಿ?" ಎಂದಿತು ಕೆಮ್ಮಿನ ಹಿಂದಿನ ದನಿ. ಬಟ್ಟೆಚೀಲ ಕಲ್ಲಿನ ಮೇಲೆ ಕೂತ ಸದ್ದಿಗೇ ಒಳಗೇನಿದೆ ಎಂದು ಅದಕ್ಕೆ ಗೊತ್ತಾಗಿತ್ತು.

"ಚರ್ಚಿನದಲ್ಲ. ನಂದು. ನನ್ನ ಪಾಲಿನದು, ಹೊತ್ತಿಗೊಂದು ಚಮಚ. ನೀನು ಒಯ್ಯೋಕೆ ಬರ್ಲಿಲ್ಲ, ಅದಕ್ಕೆ ಉಳೀತು."

ಮರದಿಂದ ಒಂದು ಮುಳ್ಳುಕಾಯಿ ಬಿತ್ತು.

"ಇನ್ನೂ ಬಗ್ತೀಯೇನು ಅಲ್ಲಿ?"

"ಹೂಂ."

"ಮುಂದಿನ ತಿಂಗಳೂ?"

"ಹೂಂ ಅಜ್ಜಿ. ಪುನ್ನೆದು ಇನ್ನೂ ಒಂದು ವರ್ಷ ಇದೆ. ಅವಳ ಹಿಂದೆ ಬೇರೆಯವರಿದಾರೆ."

"ಹಂಗಾದ್ರೆ ಇಟ್ಟು ಹೋಗು ಅಂತ ನಾನು ಹೇಳಲ್ಲ," ಎಂದಿತು ದನಿ.

ಸಿನ್ಸಿಲ್ ಚೀಲವನ್ನು ಚಪ್ಪಲಿಗಳ ಪಕ್ಕದಲ್ಲೇ ಬಿಟ್ಟು ಬಂದಳು. ದಾರಿಯಲ್ಲಿ ಠಾಣೆಯ ಕಾನ್ಸ್‌ಟೇಬಲ್ ಅವಳನ್ನು ನಿಲ್ಲಿಸಿ, ಎಲ್ಲಿಂದ ಬರುತ್ತಿದ್ದೀರಿ ಎಂದು ಕೇಳಿದ. ಹೇಳಿದಳು. ಅವನು ಪೆನ್ಸಿಲನ್ನು ನಾಲಗೆಗೆ ಒತ್ತಿಕೊಂಡು ಬರೆದುಕೊಂಡ. ಶಾಲೆಯ ಮೇಲೆ ಕಣ್ಣು ಬೀಳಬಹುದು, ಇಷ್ಟೆಲ್ಲ ಬಗ್ಗಿ ಉಳಿಸಿಕೊಂಡದ್ದು ಒಂದು ಚೀಲ ಅಕ್ಕಿಗೆ ಹೋಗಿಬಿಡಬಹುದು ಎಂದುಕೊಳ್ಳುತ್ತಲೇ ಶಾಲೆ ಮುಟ್ಟಿದಳು. ಅವನು ಹಳೆಯ ವಿದ್ಯಾರ್ಥಿನಿಯೊಬ್ಬಳ ಅಣ್ಣ. ಬರೆದುಕೊಂಡ ಹಾಳೆಯನ್ನು ಏನು ಮಾಡಿದನೋ, ಯಾರೂ ಬರಲಿಲ್ಲ.

ಮುಂದಿನ ಶನಿವಾರ ಹೋದಾಗ ಚೀಲ ಇಟ್ಟ ಜಾಗದಲ್ಲೇ ಇತ್ತು. ಕಟ್ಟಿದ ಗಂಟು ಕಟ್ಟಿದಂತೆಯೇ ಇತ್ತು, ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಒಣಗಲು ಕಟ್ಟಿದ್ದ ಮೂಲಂಗಿ ಸೊಪ್ಪು ಮಾತ್ರ ಅರ್ಧ ಕರಗಿತ್ತು. ಅದನ್ನೇ ಬೇಯಿಸಿಕೊಂಡು ಉಣ್ಣುತ್ತಿದ್ದಾಳೆ. ಸಿನ್ಸಿಲ್ ಬಾಗಿಲ ಮುಂದೆ ನಿಂತು, ಈ ಸಲ ಕರೆಯದೆ, ಅಂಗಳದ ಎಲೆಗಳನ್ನು ಗುಡಿಸಿ, ಬಾವಿಯಿಂದ ಎರಡು ಕೊಡ ನೀರು ತಂದಿಟ್ಟಳು. ಒಳಗಿನಿಂದ ಬೈಗುಳ ಬಂದೀತೆಂದು ಕಾದಳು. ಹುಚ್ಚುಮುಂಡೇದೆ ಎಂದು ಒಂದು ಮಾತು ಬಂದಿದ್ದರೂ ಸಾಕಿತ್ತು. ಬರಲಿಲ್ಲ. ಚೀಲವನ್ನು ಮುಟ್ಟದೆ ಹೊರಟಳು. ಆ ವಾರವೆಲ್ಲ ಚಮಚ ಅಕ್ಕಿ ತೆಗೆದಿಡುವಾಗ ಕೈ ಸುಮ್ಮನೆ ನಿಂತುಬಿಡುತ್ತಿತ್ತು. ಮುದುಕಿ ಹಠದಲ್ಲೇ ಸತ್ತುಹೋದರೆ ಈ ಊರಿನಲ್ಲಿ ತನ್ನನ್ನು ಬೂದಿಯಲ್ಲಿ ಬೆರಳೂರಿ ಕೂತಿದ್ದ ಹುಡುಗಿಯಾಗಿ ಕಂಡವರು ಒಬ್ಬರೂ ಇರುವುದಿಲ್ಲ.

ಅದರ ಮುಂದಿನ ವಾರ ಮೊದಲ ಹಿಮ ಬಿತ್ತು. ಸಿನ್ಸಿಲ್ ಹೋಗುವ ಹೊತ್ತಿಗೆ ಅಂಗಳದಲ್ಲಿ ಒಂದು ಹೆಜ್ಜೆಗುರುತೂ ಇರಲಿಲ್ಲ. ಅವಳ ಕಾಲು ಅಲ್ಲೇ ನಿಂತುಹೋಯಿತು. ಆಮೇಲೆ ಮೇಲೆ ನೋಡಿದಳು. ಹೊಗೆಗೂಡಿನಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಹೊಸ್ತಿಲ ಕಲ್ಲಿನ ಮೇಲೆ ಚೀಲವಿರಲಿಲ್ಲ. ಅದು ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದಿತ್ತು, ಒಗೆದು ಒಣಗಿಸಿದ್ದು. ಖಾಲಿ ಚೀಲ ಎಂದುಕೊಂಡು ತೆಗೆದುಕೊಂಡರೆ ಒಂದು ಮೂಲೆ ಜಗ್ಗಿತು. ಮೂಲೆಯನ್ನು ದಾರದಿಂದ ಬಿಗಿಯಾಗಿ ಕಟ್ಟಿತ್ತು. ಸಿನ್ಸಿಲ್ ಅದನ್ನು ಬೆರಳುಗಳ ನಡುವೆ ಹಿಚುಕಿ ನೋಡಿದಳು. ಅಕ್ಕಿ. ಏಳು ದಿನದ್ದು, ಹದಿನಾಲ್ಕು ಚಮಚ ಇರಬಹುದು. ಅಜ್ಜಿ ಉಣ್ಣುವುದು ದಿನಕ್ಕೆ ಎರಡೇ ಹೊತ್ತು.

ಅವಳು ಬಾಗಿಲು ತಟ್ಟಲಿಲ್ಲ. ಮುಷ್ಟಿಯಲ್ಲಿ ಹಿಡಿದು ಒಯ್ಯಬಹುದಾಗಿದ್ದ ಆ ಗಂಟನ್ನು ತಲೆಯ ಮೇಲಿಟ್ಟು, ಒಂದು ಕೈಯನ್ನೂ ಕೊಡದೆ, ಠಾಣೆಯ ಮುಂದಿನ ದೊಡ್ಡ ದಾರಿಯಲ್ಲೇ ಶಾಲೆಯ ಕಡೆಗೆ ಇಳಿದಳು.